ತೊಟ್ಟಿಲುಗಾಡಿಗಳ ನಡುಗಡ್ಡೆ

ಗುವಾಂಗ್‌ಝೌ ನಗರದಲ್ಲಿ ವರ್ಷಕ್ಕೆರಡು ಸಲ ನಡೆಯುವ ಕ್ಯಾಂಟನ್ ಮೇಳಕ್ಕೆ ಬೆಂಗಳೂರಿನ ವ್ಯಾಪಾರಿಗಳು ಹೋಗಿಬರುವುದು, ನಮ್ಮ ಊರಿನವರು ದನದ ಜಾತ್ರೆಗೆ ಹೋಗಿಬಂದಷ್ಟೇ ಸಲೀಸು. 1957ರಿಂದ ನಡೆಯುತ್ತಿರುವ ಮೇಳ ಅದು. ನಮ್ಮ ಯಜಮಾನರದು ನಲ್ಲಿ, ಶವರು, ವಾಶ್ ಬೇಸಿನ್ನುಗಳ ವ್ಯಾಪಾರ. 2005ರ ಅಕ್ಟೋಬರಿನಲ್ಲಿ ‘ನೀನೂ ಬಾ, ಚೀನಾ ನೋಡಿದ ಹಾಗಾಗುತ್ತೆ’ ಎಂದು ಕರೆದುಕೊಂಡು ಹೋದರು. ಬೆಳಿಗ್ಗೆ ಮೇಳದ ಬಸ್ಸು ಹತ್ತಿದರೆ ಅವರು ವಾಪಸು ಬರುವುದು ಕತ್ತಲಾದ ಮೇಲೆ. ಅಲ್ಲಿಯವರೆಗೆ ನಾನೊಬ್ಬಳೇ, ಅಲೆಯಲು ಶಾಮಿಯನ್ ದ್ವೀಪ.

ದ್ವೀಪ ಅಂದರೆ ದೊಡ್ಡದೇನೂ ಅಲ್ಲ. ಪರ್ಲ್ ನದಿಯ ದಡದಲ್ಲಿ ಒಂದು ಕಿಲೋಮೀಟರೂ ಉದ್ದವಿಲ್ಲದ ತುಂಡು. ಊರಿಗೂ ಇದಕ್ಕೂ ನಡುವೆ ಒಂದು ಕಾಲುವೆ. ಆ ಕಡೆ ಸಿಕ್ಕಾಪಟ್ಟೆ ಗದ್ದಲ, ಒಣಗಿಸಿದ ಸಮುದ್ರ ಜೀವಿಗಳ ಘಾಟು, ಸ್ಕೂಟರುಗಳ ಕೂಗಾಟ. ಸೇತುವೆ ದಾಟಿದರೆ ಆಲದ ಜಾತಿಯ ಮರಗಳು, ಕರ್ಪೂರದ ಮರಗಳು, ಅವುಗಳ ನೆರಳಲ್ಲಿ ಯುರೋಪಿನಿಂದ ಎತ್ತಿ ತಂದಿಟ್ಟಂಥ ಕಂಬಸಾಲಿನ ಕಟ್ಟಡಗಳು. ಎರಡನೇ ಅಫೀಮು ಯುದ್ಧದ ಬೆನ್ನಿಗೆ, 1861ರಲ್ಲಿ, ಬ್ರಿಟಿಷರೂ ಫ್ರೆಂಚರೂ ಈ ಮರಳದಿಬ್ಬವನ್ನು ಹಂಚಿಕೊಂಡರು. ಐದರಲ್ಲಿ ನಾಲ್ಕು ಪಾಲು ಬ್ರಿಟಿಷರಿಗೆ, ಒಂದು ಪಾಲು ಫ್ರೆಂಚರಿಗೆ. ಆ ಯುದ್ಧಗಳಿಗೆ ಕಾರಣವಾದ ಅಫೀಮು ಬೆಳೆದದ್ದು ನಮ್ಮ ಬಂಗಾಳ, ಬಿಹಾರ, ಮಾಳವಗಳ ಹೊಲಗಳಲ್ಲಿ. ಈ ದ್ವೀಪ, ಹೊರಗಿನವರು ಬಂದು ಬಾಚಿಕೊಂಡು ಹೋಗಲೆಂದೇ ಹುಟ್ಟಿದ ಜಾಗ ಅನ್ನಿ.

ಮೊದಲನೇ ಬೆಳಿಗ್ಗೆ ಆ ಮರಗಳ ಸಾಲಿನಲ್ಲಿ ನಡೆಯುತ್ತಿದ್ದಾಗ ಎದುರಿಗೆ ಒಂದು ತೊಟ್ಟಿಲುಗಾಡಿ ಬಂತು. ತಳ್ಳುತ್ತಿದ್ದವರು ಎತ್ತರದ, ಕೆಂಪಗೆ ಬೆವರಿದ ಬಿಳಿಯ ದಂಪತಿ. ಗಾಡಿಯೊಳಗೆ ಚೀನಾದ ಹೆಣ್ಣುಕೂಸು. ಸರಿ ಅಂದುಕೊಂಡೆ. ಹತ್ತು ಹೆಜ್ಜೆಗೆ ಇನ್ನೊಂದು. ಮೂಲೆಯಲ್ಲಿ ಮತ್ತೆರಡು. ಚರ್ಚಿನ ಮುಂದೆ ಒಂದು ಸಾಲೇ ನಿಂತಿತ್ತು. ಎಲ್ಲ ಕಡೆ ಬಿಳಿಯ ಅಪ್ಪ, ಬಿಳಿಯ ಅಮ್ಮ, ಕಪ್ಪು ಗುಂಡು ಕಣ್ಣಿನ ಕೂಸು, ಎಲ್ಲವೂ ಹೆಣ್ಣು. ನಾನು ನಿಂತ ಕಡೆಯೇ ನಿಂತುಬಿಟ್ಟೆ. ಯಾವ ಪ್ರವಾಸದ ಪುಸ್ತಕವೂ ನನಗೆ ಇದನ್ನು ಹೇಳಿರಲಿಲ್ಲ.

ಅಂಗಡಿಗಳು ಮಾತ್ರ ಎಲ್ಲವನ್ನೂ ತಿಳಿದಿದ್ದವು. ಪ್ರತಿ ಅಂಗಡಿಯ ಮುಂದೆ ಬಾಡಿಗೆಯಿಲ್ಲದ ತೊಟ್ಟಿಲುಗಾಡಿಗಳು. ಬೇಕಾದಷ್ಟು ದಿನ ಒಯ್ಯಬಹುದು, ಬದಲಿಗೆ ಬಟ್ಟೆ ಒಗೆಯಲು ಅವರಿಗೇ ಕೊಡಬೇಕು. ಒಳಗೆ ಹೆಜ್ಜೆ ಇಟ್ಟರೆ ಚಿಂವ್ ಚಿಂವ್ ಅನ್ನುವ ಪುಟ್ಟ ಬೂಟುಗಳು, ಕೆಂಪು ರೇಷ್ಮೆಯ ಲಂಗಗಳು, ಮಗುವಿನ ಹೆಸರನ್ನು ಚೀನೀ ಅಕ್ಷರದಲ್ಲಿ ಕೆತ್ತಿಕೊಡುವ ಮೊಹರಿನ ಕಲ್ಲು. ಅಂಗಡಿಯ ಹೆಂಗಸು ನನ್ನನ್ನು ನೋಡಿ, ನನ್ನ ಹಿಂದೆ ಮುಂದೆ ನೋಡಿ, ‘ಬೇಬಿ ಎಲ್ಲಿ?’ ಎಂದು ಕೇಳಿದಳು. ದ್ವೀಪಕ್ಕೆ ಬಂದ ವಿದೇಶಿ ಹೆಂಗಸಿನ ಕೈಯಲ್ಲಿ ಕೂಸಿಲ್ಲ ಅನ್ನುವುದೇ ಅವಳಿಗೆ ಸೋಜಿಗ.

ಇದರ ಗುಟ್ಟು ತಿಳಿಯಲು ವೈಟ್ ಸ್ವಾನ್ ಹೋಟೆಲಿಗೆ ಹೋಗಬೇಕು. 1983ರಲ್ಲಿ ತೆರೆದ, ನದಿಗೆ ಮುಖ ಮಾಡಿ ನಿಂತ ದೊಡ್ಡ ಬಿಳಿಯ ಕಟ್ಟಡ. ಇಂಗ್ಲೆಂಡಿನ ರಾಣಿ ಎಲಿಜಬೆತ್ 1986ರಲ್ಲಿ ಇಲ್ಲಿಗೆ ಬಂದಿದ್ದರಂತೆ. ಒಳಗೆ ಕಾಲಿಟ್ಟರೆ ಮೂರಂತಸ್ತಿನೆತ್ತರದಿಂದ ಧುಮುಕುವ ಜಲಪಾತ! ಕೃತಕವೇ, ಆದರೂ ಬಂಡೆ, ಬಂಡೆಯ ಮೇಲೊಂದು ಮಂಟಪ, ಕೆಳಗೆ ಕೊಳ, ಕೊಳದಲ್ಲಿ ಬಣ್ಣದ ಮೀನು. ಆ ಮೀನುಗಳನ್ನು ಬಗ್ಗಿ ನೋಡುವ ಕೂಸುಗಳ ಹಿಂದೆ, ಅವು ಎಲ್ಲಿ ಬಿದ್ದಾವೋ ಎಂದು ಅಂಗಿ ಹಿಡಿದು ನಿಂತ ಹೊಸ ಅಪ್ಪಂದಿರ ಸಾಲು. ಚೀನಾದ ಕೂಸನ್ನು ದತ್ತು ಪಡೆದು ಇಲ್ಲಿ ಕೋಣೆ ಹಿಡಿದ ಕುಟುಂಬಕ್ಕೆ ಆಗ ಒಂದು ಬಾರ್ಬಿ ಗೊಂಬೆ ಉಡುಗೊರೆ: ಹೊಂಬಣ್ಣದ ಕೂದಲಿನ ಬಾರ್ಬಿ, ಕಂಕುಳಲ್ಲಿ ಚೀನೀ ಮಗು. ನಾನು ಆ ಡಬ್ಬಿಯನ್ನು ಕೈಯಲ್ಲಿ ಹಿಡಿದು ನೋಡಿದೆ. ಗೊಂಬೆ ಕಂಪನಿಯವರ ಬುದ್ಧಿಗೆ ನಗಬೇಕೋ, ಮರುಗಬೇಕೋ ಗೊತ್ತಾಗಲಿಲ್ಲ.

ಆ ಕೊಳದ ಕಟ್ಟೆಯ ಮೇಲೆ ಪರಿಚಯವಾದವರು ಅಮೆರಿಕದ ನಡುನಾಡಿನ ಒಂದು ಸಣ್ಣ ಊರಿನ ದಂಪತಿ. ಆಕೆ ನರ್ಸು, ಆತ ಶಾಲಾ ಬಸ್ಸುಗಳ ಮೆಕ್ಯಾನಿಕ್. ಮಡಿಲಲ್ಲಿ ಹುನಾನ್ ಪ್ರಾಂತ್ಯದಿಂದ ಎತ್ತಿಕೊಂಡು ಬಂದ ಹತ್ತು ತಿಂಗಳ ಹುಡುಗಿ. ಮಗುವಿನ ತಲೆಯ ಹಿಂಭಾಗ ಚಪ್ಪಟೆ. ಬಹಳ ಹೊತ್ತು ಅಂಗಾತ ಮಲಗಿಸಿಟ್ಟ ಮಕ್ಕಳಿಗೆ ಹಾಗಾಗುತ್ತದೆಂದು ಆಕೆಯೇ ಹೇಳಿದಳು. ನಿದ್ದೆ ಹೋಗಿತ್ತು, ಆದರೆ ಬಲಗೈ ಮುಷ್ಟಿ ಬಿಗಿದಿತ್ತು. ಬೆರಳ ಸಂದಿಯಲ್ಲಿ ಬಿಳಿಯದೇನೋ ಕಾಣುತ್ತಿತ್ತು. ಆವಿಯಲ್ಲಿ ಬೇಯಿಸಿದ ಬನ್ನಿನ ಚೂರು. ‘ಬಿಡಿಸಲು ಹೋದರೆ ಎದ್ದು ಕಿರುಚುತ್ತಾಳೆ. ಬೆಳಿಗ್ಗೆ ತಿಂಡಿಗೆ ಕೊಟ್ಟದ್ದು’ ಅಂದಳು ಆಕೆ. ಆಗ ಸಂಜೆ ನಾಲ್ಕು ಗಂಟೆ. ಹತ್ತು ತಿಂಗಳಿಗೇ ನಾಳೆಯ ಊಟವನ್ನು ಕಾಪಿಡಲು ಕಲಿತ ಆ ಕೈಯನ್ನು ನೋಡಿ ನನ್ನ ಹೊಟ್ಟೆಯಲ್ಲಿ ಏನೋ ತಿರುಚಿದಂತಾಯಿತು.

ನಾವು ಕನ್ನಡದವರು ಕೇಳುವ ಹಾಗೆ ನೇರವಾಗಿಯೇ ಕೇಳಿದೆ: ‘ನಿಮ್ಮ ದೇಶದಲ್ಲಿ ಮಕ್ಕಳಿಲ್ಲವೇ? ಇಷ್ಟು ದೂರ ಯಾಕೆ ಬಂದಿರಿ?’

ಬೇಸರಿಸಲಿಲ್ಲ. ಊರಲ್ಲಿ ಎಲ್ಲರೂ ಕೇಳಿದ್ದು ಅದನ್ನೇ ಅಂತೆ. ಮೂರು ಸಲ ಗರ್ಭ ನಿಂತು ಜಾರಿತ್ತು. ವೈದ್ಯರು ಇನ್ನೊಂದು ಸುತ್ತು ಚಿಕಿತ್ಸೆ ಅಂದಾಗ ಆತ ‘ಸಾಕು’ ಅಂದ. ಅಮೆರಿಕದಲ್ಲಿ ಎಳೆಗೂಸನ್ನು ದತ್ತು ಪಡೆಯಬೇಕೆಂದರೆ ಹೆಚ್ಚಾಗಿ ಹೆತ್ತ ತಾಯಿಯೇ ಕುಟುಂಬವನ್ನು ಆರಿಸುತ್ತಾಳೆ. ಇವರು ತಮ್ಮ ಫೋಟೊ, ತಮ್ಮ ಕತೆ ಬರೆದ ಪುಸ್ತಕ ಮಾಡಿ ಕೊಟ್ಟು ಕಾಯಬೇಕು. ಒಬ್ಬಳು ತಾಯಿ ಇವರನ್ನು ಆರಿಸಿ, ಹೆರಿಗೆಯ ಮರುದಿನ ಮನಸ್ಸು ಬದಲಿಸಿದಳು. ‘ಅವಳದು ತಪ್ಪೇನಿಲ್ಲ. ಆದರೆ ಇನ್ನೊಂದು ಸಲ ಹಾಗಾದರೆ ನಾನು ತಡೆಯುತ್ತಿರಲಿಲ್ಲ’ ಅಂದಳು. ಚೀನಾದ್ದಾದರೆ ದಾರಿ ಉದ್ದವಾದರೂ ನೇರ. ಕಾಗದ ಸರಿಯಿದ್ದರೆ ಮಗು ಸಿಗುತ್ತದೆ. ಯಾರೂ ಬಂದು ವಾಪಸು ಕೇಳುವುದಿಲ್ಲ.

ಆ ಕೊನೆಯ ಮಾತು ನನ್ನ ಕಿವಿಯಲ್ಲೇ ಉಳಿಯಿತು. ಯಾಕೆ ಕೇಳುವುದಿಲ್ಲ? ಯಾಕೆಂದರೆ ಚೀನಾದಲ್ಲಿ ಮಗುವನ್ನು ತೊರೆಯುವುದು ಅಪರಾಧ. ತಾನಾಗಿ ಬಂದು ಒಪ್ಪಿಸಿ ಸಹಿ ಹಾಕುವ ದಾರಿ ಹೆತ್ತವಳಿಗೆ ಇರಲಿಲ್ಲವೆಂದೇ ಹೇಳಬೇಕು. 1980ರಲ್ಲಿ ಬಿಗಿಯಾದ ‘ಒಂದೇ ಮಗು’ ನೀತಿ ಹಳ್ಳಿಗಾಡಿನಲ್ಲಿ ಕೆಲವು ವರ್ಷಗಳ ನಂತರ ಸ್ವಲ್ಪ ಸಡಿಲವಾಗಿ, ಮೊದಲನೆಯದು ಹೆಣ್ಣಾದರೆ ಇನ್ನೊಂದಕ್ಕೆ ಅನುಮತಿ ಸಿಕ್ಕಿತು. ಎರಡನೆಯದೂ ಹೆಣ್ಣಾದರೆ? ದಂಡ ಕಟ್ಟುವ ಶಕ್ತಿಯಿಲ್ಲದವರು, ಗಂಡು ಬೇಕೇ ಬೇಕು ಅನ್ನುವ ಅತ್ತೆಮಾವಂದಿರ ಮನೆಯವರು ಕತ್ತಲಲ್ಲಿ ಹೋಗಿ ಸಂತೆಯ ಬಾಗಿಲಲ್ಲೋ, ಆಸ್ಪತ್ರೆಯ ಮೆಟ್ಟಿಲ ಮೇಲೋ, ಜನ ಓಡಾಡುವ ಸೇತುವೆಯ ಪಕ್ಕದಲ್ಲೋ ಕೂಸನ್ನು ಇಟ್ಟು ಬರುತ್ತಿದ್ದರು. ಕೆಲವರು ಹುಟ್ಟಿದ ದಿನ, ಗಳಿಗೆ ಬರೆದ ಚೀಟಿಯನ್ನು ಬಟ್ಟೆಯೊಳಗೆ ಸಿಕ್ಕಿಸುತ್ತಿದ್ದರು. ಜಾತಕ ಬರೆಸಲಿಕ್ಕಾದರೂ ಬೇಕಾದೀತು ಅನ್ನುವಂತೆ. ಆ ಮಕ್ಕಳಿಗಾಗಿ 1992ರ ಏಪ್ರಿಲಿನಿಂದ ಜಾರಿಗೆ ಬಂದ ದತ್ತು ಕಾಯ್ದೆ ವಿದೇಶಿಯರಿಗೆ ಬಾಗಿಲು ತೆರೆಯಿತು. ನಾನು ಹೋದ ವರ್ಷವೇ ಆ ದಾರಿಯ ಶಿಖರ. 2005ರಲ್ಲಿ ಅಮೆರಿಕವೊಂದಕ್ಕೇ ಸುಮಾರು 7,900 ಮಕ್ಕಳು. ಚೀನಾದಲ್ಲಿ ಅಮೆರಿಕದ ವಲಸೆ ವೀಸಾ ಕೊಡುವ ಕಚೇರಿ ಗುವಾಂಗ್‌ಝೌನಲ್ಲಿ ಮಾತ್ರ. ಕಾನ್ಸುಲೇಟಿನ ಮುಖ್ಯ ಕಟ್ಟಡ ಆಗ ಇದ್ದದ್ದು ಇದೇ ಹೋಟೆಲಿನ ಪಕ್ಕದಲ್ಲಿ. ಹಾಗಾಗಿ ಯಾವ ಪ್ರಾಂತ್ಯದ ಮಗುವಾದರೂ ಅಮೆರಿಕದ ದಾರಿ ಹಿಡಿಯಬೇಕಾದರೆ ಈ ಊರಿಗೆ ಬರಲೇಬೇಕಿತ್ತು.

ನಮ್ಮಲ್ಲಿ ದತ್ತು ಅಂದರೆ ಪಟ್ಟದ ಮಾತು, ಪಿಂಡದ ಮಾತು. ಕಿತ್ತೂರಿನ ಯುದ್ಧವೇ ಶಿವಲಿಂಗಪ್ಪನ ದತ್ತು ಸ್ವೀಕಾರವನ್ನು ಕಂಪನಿ ಸರಕಾರ ಒಪ್ಪದೆ ಹೋದದ್ದರಿಂದ ಹೊತ್ತಿಕೊಂಡಿತು. ಮೈಸೂರಿನ ಅರಮನೆ 2015ರಲ್ಲೂ ಯದುವೀರರನ್ನು ದತ್ತು ಪಡೆದದ್ದು ಸಿಂಹಾಸನಕ್ಕಾಗಿ. ಹೆಣ್ಣುಮಗಳನ್ನು ದತ್ತು ತೆಗೆದುಕೊಳ್ಳಲು ಹಿಂದೂಗಳಿಗೆ ಕಾನೂನು ಸ್ಪಷ್ಟವಾಗಿ ಒಪ್ಪಿಗೆ ಕೊಟ್ಟದ್ದೇ 1956ರಲ್ಲಿ. ಗಂಡು ಸಾಕಿಕೊಳ್ಳುವ ನಾಡಿನವಳಾದ ನನಗೆ, ಬೇಡವಾದ ಹೆಣ್ಣುಮಕ್ಕಳನ್ನೇ ಸಾಲ ಮಾಡಿ, ಸಮುದ್ರ ದಾಟಿ ಬಂದು ಎತ್ತಿಕೊಳ್ಳುವ ಇವರು ಬೇರೆ ಗ್ರಹದವರಂತೆ ಕಂಡರು. ಸಾಲ ಅಂದದ್ದು ಉತ್ಪ್ರೇಕ್ಷೆಯಲ್ಲ. ಮನೆಯ ಮೇಲೆ ಇನ್ನೊಂದು ಅಡಮಾನ ಇಟ್ಟು ಬಂದಿದ್ದರು.

ನಿರ್ಧಾರ ಮಾಡಿದ್ದು ಒಂದು ರಾತ್ರಿಯಂತೆ, ಅಡುಗೆಮನೆಯ ಮೇಜಿನ ಮುಂದೆ. ಅದಾದ ಮೇಲಿನದೆಲ್ಲ ಕಾಗದ. ಸಮಾಜ ಕಾರ್ಯಕರ್ತೆ ಮನೆಗೆ ಬಂದು ಕೋಣೆ ಕೋಣೆ ನೋಡಿ, ಇಬ್ಬರನ್ನೂ ಬೇರೆ ಬೇರೆ ಕೂರಿಸಿ, ನಿಮ್ಮಪ್ಪ ನಿಮಗೆ ಹೊಡೆಯುತ್ತಿದ್ದರೇ ಎಂಬಲ್ಲಿಯವರೆಗೆ ಕೇಳಿ ವರದಿ ಬರೆದಳು. ಬೆರಳಚ್ಚು, ಪೊಲೀಸರ ಪತ್ರ, ಸಂಬಳದ ಪತ್ರ, ರಕ್ತಪರೀಕ್ಷೆ, ಮದುವೆಯ ಪ್ರಮಾಣಪತ್ರ. ಒಂದೊಂದಕ್ಕೂ ನೋಟರಿಯ ಮೊಹರು, ಅದರ ಮೇಲೆ ರಾಜ್ಯದ ಮೊಹರು, ಅದರ ಮೇಲೆ ಚೀನೀ ಕಾನ್ಸುಲೇಟಿನ ಮೊಹರು. ಆ ಕಟ್ಟು ಬೀಜಿಂಗಿನ ದತ್ತು ಕೇಂದ್ರಕ್ಕೆ ಹೋಯಿತು. ಅಲ್ಲಿ ಈ ಕಡತವನ್ನೂ ಒಂದು ಮಗುವಿನ ಕಡತವನ್ನೂ ಯಾರೋ ಜೋಡಿಸಿದರು. ಒಂದು ದಿನ ಮನೆಗೆ ಬಂದದ್ದು ಹೆಬ್ಬೆರಳಗಲದ ಒಂದು ಫೋಟೊ, ಒಂದು ಪುಟದ ವೈದ್ಯಕೀಯ ವರದಿ. ಆತ ಆ ಫೋಟೊವನ್ನು ಪರ್ಸಿನಿಂದ ತೆಗೆದು ತೋರಿಸಿದ. ಅಂಚು ಸವೆದು ಬೆಳ್ಳಗಾಗಿತ್ತು. ಮೂರು ಅಂಗಿ ತೊಡಿಸಿದ, ಕೋಪಗೊಂಡ ಮುಖ. ‘ಈ ಕೋಪ ನೋಡಿಯೇ ಇವಳು ನಮ್ಮವಳು ಅನ್ನಿಸಿತು. ನಮ್ಮಮ್ಮನದೂ ಇದೇ ಮುಖ’ ಅಂದ.

ಅನಾಥಾಶ್ರಮಕ್ಕೆ ಕೊಡಬೇಕಾದ ಮೂರು ಸಾವಿರ ಡಾಲರುಗಳನ್ನು ಹೊಚ್ಚ ಹೊಸ ನೂರರ ನೋಟುಗಳಲ್ಲಿ, ಸೊಂಟಕ್ಕೆ ಕಟ್ಟಿಕೊಂಡು ತಂದಿದ್ದರು. ಅದನ್ನು ಕಾಣಿಕೆ ಅನ್ನುತ್ತಿದ್ದರು. ಎಲ್ಲರಿಗೂ ಅಷ್ಟೇ, ಕೊಡದಿರುವಂತಿರಲಿಲ್ಲ.

ಮರುದಿನ ಅವರ ತಂಡ ಲ್ಯೂರೊಂಗ್ ದೇವಾಲಯಕ್ಕೆ ಹೊರಟಾಗ ನನ್ನನ್ನೂ ಬಸ್ಸಿಗೆ ಹತ್ತಿಸಿಕೊಂಡರು. ಆರು ಆಲದ ಮರಗಳ ದೇವಾಲಯ. ಕಟ್ಟಿದ್ದು 537ರಲ್ಲಿ. ಕವಿ ಸು ಡೊಂಗ್‌ಪೊ ಇಲ್ಲಿನ ಆರು ಆಲಗಳನ್ನು ಕಂಡು ಸಂತೋಷದಿಂದ ಬರೆದುಕೊಟ್ಟ ಎರಡು ಅಕ್ಷರಗಳೇ ಹೆಸರಾಗಿ ಉಳಿದವು. ಕೇಸರಿ ಬಟ್ಟೆಯ ಭಿಕ್ಷು ಗಂಟೆ ಬಾರಿಸಿ ಮಂತ್ರ ಹೇಳುತ್ತಿದ್ದರೆ, ಮೂರು ಬಂಗಾರ ಬಣ್ಣದ ಬುದ್ಧರ ಮುಂದೆ, ಭಾನುವಾರ ತಪ್ಪದೆ ಚರ್ಚಿಗೆ ಹೋಗುವ ಆ ಅಮೆರಿಕನ್ನರು ಮಂಡಿಯೂರಿ ಕುಳಿತಿದ್ದರು. ಮಕ್ಕಳ ತಲೆಯ ಮೇಲೆ ನೀರು ಪ್ರೋಕ್ಷಿಸಿದಾಗ ಒಬ್ಬಳು ಸೀನಿದಳು, ಎಲ್ಲರೂ ನಕ್ಕರು. ಊದುಬತ್ತಿಯ ಹೊಗೆ, ಮಂಡಿನೋವಿನಿಂದ ನರಳುವ ದಪ್ಪ ಗಂಡಸರು, ಜಪಸರ ಹಿಡಿದು ಈ ಕಡೆಯೇ ನೋಡುತ್ತಿದ್ದ ಊರಿನ ಅಜ್ಜಿಯರು. ಒಬ್ಬ ಅಜ್ಜಿ ಬಂದು ಕೂಸಿನ ಕಾಲ್ಚೀಲವನ್ನು ಮೇಲಕ್ಕೆಳೆದು, ತಾಯಿಗೆ ಏನೋ ಗದರಿದಳು. ಭಾಷೆ ಗೊತ್ತಿಲ್ಲದಿದ್ದರೂ ಅರ್ಥವಾಯಿತು: ಮಗುವಿಗೆ ಥಂಡಿ ಹತ್ತುತ್ತೆ, ಇಷ್ಟೂ ತಿಳಿಯೋದಿಲ್ಲವೇ!

   

ಹೊರಡುವ ಮುಂಚೆ ಹೋಟೆಲಿನ ಕೆಂಪು ಸೋಫಾದ ಮೇಲೆ ಫೋಟೊ. ಇದು ಆಗ ಬಿಡದೆ ನಡೆಯುತ್ತಿದ್ದ ಸಂಪ್ರದಾಯ. ತಂಡದ ಕೂಸುಗಳನ್ನೆಲ್ಲ ಕೆಂಪು ರೇಷ್ಮೆ ತೊಡಿಸಿ ಸಾಲಾಗಿ ಕೂರಿಸುತ್ತಾರೆ. ಎರಡನೆಯದು ಅಳಲು ಶುರುಮಾಡಿದರೆ ಐದನೆಯದು ವಾಲುತ್ತದೆ, ಏಳನೆಯದು ಪಕ್ಕದವಳ ಬೂಟನ್ನು ಬಾಯಿಗಿಡುತ್ತದೆ. ಕ್ಯಾಮೆರಾ ಹಿಡಿದ ಅಪ್ಪಂದಿರು ಕೋಳಿ ಕೂಗಿ, ಕೋತಿ ಕುಣಿದು ನಗಿಸಲು ನೋಡುತ್ತಾರೆ. ನಮ್ಮ ಹುಡುಗಿ ಮಾತ್ರ ಅಳಲೂ ಇಲ್ಲ, ನಗಲೂ ಇಲ್ಲ. ಮುಷ್ಟಿ ಬಿಗಿಹಿಡಿದು ಎಲ್ಲರನ್ನೂ ಪರೀಕ್ಷೆ ಮಾಡುವವಳಂತೆ ನೋಡಿದಳು.

ಬಾಕಿ ಕೆಲಸಗಳು ಬೇಗ ಮುಗಿದವು. ದ್ವೀಪದ ಕ್ಲಿನಿಕ್ಕಿನಲ್ಲಿ ತೂಕ, ಎತ್ತರ. ಕಾನ್ಸುಲೇಟಿನ ಅಧಿಕಾರಿಯ ಮುಂದೆ ಬಲಗೈ ಎತ್ತಿ ಪ್ರಮಾಣ. ಕೊನೆಗೆ ಕೈಗೆ ಬರುವುದು ಮೊಹರು ಮಾಡಿದ ಒಂದು ಕಂದು ಲಕೋಟೆ. ತೆರೆಯುವಂತಿಲ್ಲ. ಅಮೆರಿಕದ ವಿಮಾನ ನಿಲ್ದಾಣದಲ್ಲಿ ವಲಸೆ ಅಧಿಕಾರಿಯೇ ಒಡೆಯಬೇಕು. 2001ರ ಫೆಬ್ರವರಿಯಿಂದ ಜಾರಿಯಲ್ಲಿರುವ ಕಾಯ್ದೆಯ ಪ್ರಕಾರ ಆ ಗೇಟು ದಾಟಿದ ಕ್ಷಣಕ್ಕೆ ಮಗು ಅಮೆರಿಕದ ಪ್ರಜೆ. ನಮ್ಮ ಹುಡುಗರು ಹಸಿರು ಕಾರ್ಡಿಗೆ ಹತ್ತಾರು ವರ್ಷ ಕಾಯುವುದನ್ನು ಕಂಡ ನಾನು ಇದನ್ನು ಕೇಳಿ ಬಾಯಿ ಮೇಲೆ ಬೆರಳಿಟ್ಟೆ.

ಆ ದಂಪತಿಯ ಬಳಿ ಇನ್ನೊಂದು ಲಕೋಟೆಯಿತ್ತು. ಅದನ್ನು ಆತ ತಾನೇ ಮಾಡಿಕೊಂಡಿದ್ದ. ಒಂದು ಜಿಪ್ ಚೀಲದಲ್ಲಿ, ಮಗು ಕೈಗೆ ಬಂದಾಗ ತೊಟ್ಟಿದ್ದ ಬಟ್ಟೆಗಳು, ಒಗೆಯದೆ ಹಾಗೇ. ಇನ್ನೊಂದರಲ್ಲಿ ಪ್ರಾಂತ್ಯದ ಪತ್ರಿಕೆಯ ಒಂದು ತುಣುಕು. ಮಗು ಸಿಕ್ಕಾಗ ‘ಹೆತ್ತವರಿದ್ದರೆ ಅರವತ್ತು ದಿನದೊಳಗೆ ಬನ್ನಿ’ ಎಂದು ಅನಾಥಾಶ್ರಮ ಫೋಟೊ ಸಮೇತ ಪ್ರಕಟಣೆ ಕೊಡುವ ನಿಯಮವಿದೆ. ಮಾರ್ಗದರ್ಶಿಯ ಬೆನ್ನುಬಿದ್ದು ಅದನ್ನು ಹುಡುಕಿಸಿದ್ದ. ಯಾಕಪ್ಪಾ ಇದೆಲ್ಲ ಅಂದೆ. ‘ಅವಳು ಕೇಳಿದರೆ ತೋರಿಸಲು ಏನಾದರೂ ಬೇಕಲ್ಲ’ ಅಂದ.

ನಾವು ಬೆಂಗಳೂರಿಗೆ ಬಂದು ಮುಟ್ಟಿ ಹೆಚ್ಚು ದಿನವಾಗಿರಲಿಲ್ಲ, ನವೆಂಬರಿನಲ್ಲಿ ಸುದ್ದಿ ಬಂತು. ಹುನಾನಿನ ಹೆಂಗ್‌ಯಾಂಗ್ ಪ್ರದೇಶದ ಅನಾಥಾಶ್ರಮಗಳು ದಲ್ಲಾಳಿಗಳಿಂದ ದುಡ್ಡು ಕೊಟ್ಟು ಕೂಸುಗಳನ್ನು ಕೊಳ್ಳುತ್ತಿದ್ದವು. ಆ ಕೂಸುಗಳು ಪಕ್ಕದ ಗುವಾಂಗ್‌ಡಾಂಗ್ ಪ್ರಾಂತ್ಯದಿಂದ ರೈಲಿನಲ್ಲಿ ಬರುತ್ತಿದ್ದವು. ಸಂತೆಯ ಬಾಗಿಲಲ್ಲಿ ಸಿಕ್ಕಿತು ಎಂಬ ಕಾಗದ ಆಮೇಲೆ ಹುಟ್ಟುತ್ತಿತ್ತು. ಮರುವರ್ಷದ ಫೆಬ್ರವರಿಯಲ್ಲಿ ಹತ್ತು ಜನರಿಗೆ ಶಿಕ್ಷೆಯಾಯಿತು. 2011ರಲ್ಲಿ ಚೀನಾದ್ದೇ ಕೈಶಿನ್ ಪತ್ರಿಕೆ ಇನ್ನೂ ಘೋರವಾದದ್ದನ್ನು ಬಯಲಿಗೆಳೆಯಿತು: ಅದೇ ಹುನಾನಿನ ಲಾಂಗ್‌ಹುಯಿ ತಾಲ್ಲೂಕಿನಲ್ಲಿ ಕುಟುಂಬ ಯೋಜನೆಯ ಅಧಿಕಾರಿಗಳೇ ದಂಡ ಕಟ್ಟದ ಮನೆಗಳಿಂದ ಕೂಸುಗಳನ್ನು ಕಿತ್ತೊಯ್ದು ಅನಾಥಾಶ್ರಮಕ್ಕೆ ಹಾಕಿದ್ದರು. ಅಮೆರಿಕದ ಪತ್ರಕರ್ತೆ ಬಾರ್ಬರಾ ಡೆಮಿಕ್ ಹೀಗೆ ಕಳೆದುಹೋದ ಮಕ್ಕಳ ಬೆನ್ನುಹತ್ತಿ ಹಳ್ಳಿ ಹಳ್ಳಿ ಅಲೆದು ಬರೆದಿದ್ದಾರೆ.

ಎಲ್ಲ ಮಕ್ಕಳೂ ಹೀಗೆ ಬಂದವರು ಅಂತ ಹೇಳಿದರೆ ಸುಳ್ಳಾಗುತ್ತದೆ. ನಿಜವಾಗಿಯೂ ಮೆಟ್ಟಿಲ ಮೇಲೆ ಸಿಕ್ಕ ಹೆಣ್ಣುಮಕ್ಕಳು ಸಾವಿರಾರು. ಆದರೆ ಕೊನೆಯಲ್ಲಿ ಮೂರು ಸಾವಿರ ಡಾಲರು ಖಾತ್ರಿಯಾಗಿ ಕಾದಿರುವ ದಾರಿಯ ಮೊದಲ ತುದಿಯಲ್ಲಿ ಯಾರಾದರೊಬ್ಬರು ಕೂಸನ್ನು ತಂದು ನಿಲ್ಲಿಸಿಯೇ ನಿಲ್ಲಿಸುತ್ತಾರೆ. ಆ ಅಡುಗೆಮನೆಯ ಮೇಜಿನ ಮುಂದಿನ ನಿರ್ಧಾರದಲ್ಲಿ ನನಗೆ ಇವತ್ತಿಗೂ ಕೊಂಕು ಕಾಣುವುದಿಲ್ಲ. ಹದಿನೈದು ಮೊಹರು ಹಾಕಿಸಿಕೊಂಡು ಅವರ ಬದುಕನ್ನು ಜಾಲಾಡಿದ ವ್ಯವಸ್ಥೆ, ಮಗು ಎಲ್ಲಿಂದ ಬಂತು ಎಂದು ಅದರ ಕಾಲುಭಾಗದಷ್ಟೂ ಕೇಳಲಿಲ್ಲ. ನನ್ನ ಸಿಟ್ಟು ಅದರ ಮೇಲೆ.

2024ರ ಶರತ್ಕಾಲದ ಮೇಳಕ್ಕೆ ಈಗ ವ್ಯಾಪಾರ ನೋಡಿಕೊಳ್ಳುವ ಮಗನ ಜೊತೆ ಮತ್ತೆ ಹೋದೆ. ಶಾಮಿಯನ್ ತುಂಬ ಜನ, ಆದರೆ ತೊಟ್ಟಿಲುಗಾಡಿ ಒಂದೂ ಇಲ್ಲ. ಕಂಬಸಾಲುಗಳ ಮುಂದೆ ಮದುವೆಯ ಫೋಟೊ ತೆಗೆಸಿಕೊಳ್ಳುವ ಹೊಸ ಜೋಡಿಗಳು, ಬಿಳಿಯ ಗೌನು ನೆಲಕ್ಕೆ ತಾಗದಂತೆ ಎತ್ತಿಹಿಡಿದ ಗೆಳತಿಯರು. ಬೂಟಿನ ಅಂಗಡಿಗಳ ಜಾಗದಲ್ಲಿ ಕಾಫಿ ಅಂಗಡಿಗಳು. ಕಾನ್ಸುಲೇಟು 2013ರಲ್ಲೇ ಊರಿನ ಹೊಸ ಬಡಾವಣೆಗೆ ಹೋಗಿತ್ತು. ಜಲಪಾತ ಧುಮುಕುತ್ತಲೇ ಇತ್ತು. ಕೊಳದ ಕಟ್ಟೆಯ ಮೇಲೆ ಹುಡುಗಿಯರು ಸೆಲ್ಫಿ ತೆಗೆಯುತ್ತಿದ್ದರು. ಆ ವರ್ಷದ ಸೆಪ್ಟೆಂಬರ್ 5ರಂದು ಚೀನಾದ ವಿದೇಶಾಂಗ ವಕ್ತಾರೆ ನಾಲ್ಕು ಮಾತಿನಲ್ಲಿ ಮುಗಿಸಿಬಿಟ್ಟಿದ್ದರು: ಹತ್ತಿರದ ರಕ್ತಸಂಬಂಧಿಗಳು, ಮಲಮಕ್ಕಳು ಹೊರತು ಇನ್ನು ವಿದೇಶಿಯರಿಗೆ ದತ್ತು ಇಲ್ಲ. ಅಷ್ಟು ಹೊತ್ತಿಗೆ ಒಂದು ಲಕ್ಷ ಅರವತ್ತು ಸಾವಿರಕ್ಕೂ ಹೆಚ್ಚು ಮಕ್ಕಳು ದೇಶ ದಾಟಿದ್ದರು. ಅರ್ಧದಷ್ಟು ಅಮೆರಿಕಕ್ಕೆ. ಒಂದು ಕಾಲಕ್ಕೆ ಮಕ್ಕಳು ಹೆಚ್ಚಾದವೆಂದು ದಂಡ ಹಾಕಿದ ದೇಶವೇ ಈಗ ಮೂರು ಹೆರಿ ಎಂದು ಗೋಗರೆಯುತ್ತಿದೆ.

ಆ ದಂಪತಿ ಹೊಸ ವರ್ಷಕ್ಕೆ ಇವತ್ತಿಗೂ ಮೇಲ್ ಮಾಡುತ್ತಾರೆ. ಹುಡುಗಿ ಈಗ ಕಾಲೇಜು ಸೇರಿದ್ದಾಳೆ, ವಾಲಿಬಾಲ್ ಆಡುತ್ತಾಳೆ, ಫೋಟೊಗಳಲ್ಲಿ ಅದೇ ಕೋಪದ ಮುಖ. ಹೆಂಗ್‌ಯಾಂಗ್ ಸುದ್ದಿಯನ್ನು ಅವರೇ ಅವಳಿಗೆ ಓದಿ ಹೇಳಿದರಂತೆ. ಹದಿನೆಂಟು ತುಂಬಿದ ದಿನ ಅವಳು ಕೇಳಿದ್ದು ಕಾರನ್ನಲ್ಲ, ಆ ಎರಡು ಜಿಪ್ ಚೀಲಗಳನ್ನು. ಡಿಎನ್‌ಎ ಪರೀಕ್ಷೆಗೂ ಕೊಟ್ಟಿದ್ದಾಳೆ. ಯಾರದೂ ತಾಳೆಯಾಗಿಲ್ಲ. ಬೇರೆ ಎಷ್ಟೋ ಮಕ್ಕಳ ಬಳಿ ಆ ಪತ್ರಿಕೆಯ ತುಣುಕೂ ಇಲ್ಲ.

ಇದನ್ನು ಓದುತ್ತಿರುವವರಲ್ಲಿ ದತ್ತು ತೆಗೆದುಕೊಳ್ಳುವ ಯೋಚನೆಯಲ್ಲಿರುವ ಗಂಡಹೆಂಡತಿ ಇದ್ದರೆ, ಬೆಂಗಳೂರಿನಲ್ಲಿರಲಿ ಬೋಸ್ಟನ್ನಿನಲ್ಲಿರಲಿ, ಒಂದು ಮಾತು. ನರ್ಸಿಂಗ್ ಹೋಮಿನ ಪರಿಚಯದವರು, ಮಧ್ಯದವರು ‘ಒಂದು ಮಗು ಇದೆ, ಕಾಗದ ನಾವು ಮಾಡಿಸಿಕೊಡುತ್ತೇವೆ’ ಅಂದರೆ ಎದ್ದು ಬನ್ನಿ. ಕೇಂದ್ರ ಸರಕಾರದ ಕಾರಾ ಸಂಸ್ಥೆಯ ಪಟ್ಟಿಯಲ್ಲಿ ಹೆಸರು ಬರೆಸಿ ಕಾಯಿರಿ. ವರ್ಷಗಟ್ಟಲೆ ಕಾಯಬೇಕಾದರೂ ಕಾಯಿರಿ. ಮಗು ಕೈಗೆ ಬಂದ ದಿನ ಅದು ಎಲ್ಲಿ ಸಿಕ್ಕಿತು, ಯಾರು ಒಪ್ಪಿಸಿದರು, ಯಾವ ಪತ್ರಿಕೆಯಲ್ಲಿ ಪ್ರಕಟಣೆ ಬಂತು ಎಂದು ಕೇಳಿ, ನಿಮಗೆ ಕೊಡಬಹುದಾದ ಪ್ರತಿಯೊಂದು ಕಾಗದವನ್ನೂ ಪಡೆದುಕೊಳ್ಳಿ. ದತ್ತು ಹೋದ ಮಗು ದೊಡ್ಡದಾದ ಮೇಲೆ ತನ್ನ ಮೂಲವನ್ನು ಹುಡುಕಬಹುದು ಎಂದು ನಮ್ಮ 2022ರ ದತ್ತು ನಿಯಮಗಳು ಹೇಳುತ್ತವೆ. ಆ ಹೊತ್ತಿಗೆ ಕಡತ ನಿಮ್ಮ ಮನೆಯಲ್ಲಿರಲಿ.